ಹಿಂಗಾರಿಯ ಕುಂಡಗಳು: ಮಳೆನೀರು ಮುಗಿದು ಬೋರಿನ ನೀರು ಶುರುವಾದಾಗ

ಆಗಸ್ಟ್, ಸೆಪ್ಟೆಂಬರಿನಲ್ಲಿ ಕಲಬುರಗಿಯ ಮಾಳಿಗೆಗಳ ಮೇಲೆ ಹಚ್ಚಗೆ ನಿಂತಿದ್ದ ದಾಸವಾಳ, ಗುಲಾಬಿ, ಇಕ್ಸೋರಾ ಗಿಡಗಳು ದೀಪಾವಳಿ ಹೊತ್ತಿಗೆ ಹಳದಿ ತಿರುಗುತ್ತವೆ. ಗೊಬ್ಬರ ಸಾಲಲಿಲ್ಲ ಅಂದುಕೊಂಡು ಇನ್ನಷ್ಟು ಗೊಬ್ಬರ ಸುರಿಯುವವರೇ ಹೆಚ್ಚು. ಆದರೆ ಬಹಳಷ್ಟು ಸಲ ಬದಲಾಗಿರುವುದು ನೀರು. ಹಸ್ತಾ ಮಳೆಯವರೆಗೆ ಗಿಡ ಕುಡಿದದ್ದು ಸುಣ್ಣವಿಲ್ಲದ ಮೆತ್ತನೆ ನೀರು. ಚಿತ್ತಾ ಮಳೆ ಕೈಕೊಟ್ಟ ಮೇಲೆ ಬೀಳುವುದು ಬೋರಿನ ಗಡಸು ನೀರು. ಕಾಯಿಸಿದ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ಕುಂಡದ ಅಂಚಿಗೂ ಕಟ್ಟುತ್ತದೆ. ಸುಣ್ಣ ಏರಿದಷ್ಟೂ ಮಣ್ಣಿನಲ್ಲಿರುವ ಕಬ್ಬಿಣ ಬೇರಿಗೆ ದಕ್ಕುವುದಿಲ್ಲ, ಎಲೆ ಹಳದಿಯಾಗುತ್ತದೆ.

ನಿಮ್ಮ ಮಣ್ಣು ಹೇಗಿದೆ ಎಂದು ನೋಡಲು ಒಂದು ಚಮಚ ಒಣ ಮಣ್ಣನ್ನು ತಟ್ಟೆಗೆ ಹಾಕಿ ಅರ್ಧ ನಿಂಬೆಹಣ್ಣು ಹಿಂಡಿ. ಚುರ್ ಎಂದು ಸಣ್ಣ ಗುಳ್ಳೆ ಎದ್ದರೆ ಸುಣ್ಣ ಇದೆ ಎಂದೇ ಅರ್ಥ. ಎರೆ (ಕಪ್ಪು) ಮಣ್ಣಿನಲ್ಲಿ ಕಡಲೆ ಕಾಳಿನಷ್ಟು ಬಿಳಿ ಹರಳು ಕಂಡರೆ ಪರೀಕ್ಷೆಯೂ ಬೇಕಿಲ್ಲ. ಶಹಾಬಾದ್, ಸೇಡಂ, ಚಿತ್ತಾಪುರ ಕಡೆಯವರಿಗೆ ಈ ಕಾಟ ಜಾಸ್ತಿ. ಬೀದರಿನ ಕೆಂಪು ಜಂಬಿಟ್ಟಿಗೆ ನೆಲದವರಿಗೆ ಕಡಿಮೆ.

ಸುಣ್ಣದ ಮಣ್ಣಿಗೆ ಮೊಟ್ಟೆ ಸಿಪ್ಪೆ, ಒಲೆ ಬೂದಿ, ಶಹಾಬಾದ್ ಕಲ್ಲಿನ ಪುಡಿ ಯಾವುದನ್ನೂ ಹಾಕಬೇಡಿ. ಮೂರೂ ಸುಣ್ಣದ ಪಾಲನ್ನೇ ಹೆಚ್ಚಿಸುತ್ತವೆ. ಮೂಳೆ ಪುಡಿಗೆ ದುಡ್ಡು ಕೊಡುವುದೂ ದಂಡ. ಅದರಲ್ಲಿನ ರಂಜಕವು ಹುಳಿ (ಆಮ್ಲೀಯ) ಮಣ್ಣಿನಲ್ಲಿ ಕರಗುತ್ತದೆಯೇ ಹೊರತು ಸುಣ್ಣದ ಮಣ್ಣಿನಲ್ಲಿ ಅಲ್ಲ.

ಮೊದಲು ನೀರು ಹಿಡಿದಿಡಿ

ಕೊನೆಯ ಮಳೆಗಳನ್ನು ಬಿಡಬೇಡಿ. 100 ಚದರ ಅಡಿ ಮಾಳಿಗೆಯ ಮೇಲೆ 20 ಮಿ.ಮೀ. ಮಳೆ ಬಿದ್ದರೆ ಸುಮಾರು 185 ಲೀಟರ್ ನೀರು, ಅಂದರೆ ಹೆಚ್ಚುಕಡಿಮೆ ಒಂದು ದೊಡ್ಡ ಡ್ರಮ್. ಬಾಯಿಗೆ ಬಟ್ಟೆ ಬಿಗಿದು ಕಟ್ಟಿ, ಇಲ್ಲದಿದ್ದರೆ ಡೆಂಗ್ಯೂ ಸೊಳ್ಳೆ ಮೊಟ್ಟೆ ಇಡುತ್ತದೆ. ಈ ನೀರನ್ನು ಎಲ್ಲ ಗಿಡಕ್ಕೂ ಹಂಚಿದರೆ ವಾರದಲ್ಲಿ ಖಾಲಿ. ಇಕ್ಸೋರಾ, ಗುಲಾಬಿ, ದಾಸವಾಳಕ್ಕೆ ಮತ್ತು ಔಷಧಿ ಕಲಸಲು ಮೀಸಲಿಡಿ. ಕಣಗಿಲೆ, ನಂದಿಬಟ್ಟಲು, ಕಾಗದದ ಹೂವಿನ ಗಿಡಗಳು ಬೋರಿನ ನೀರಿನಲ್ಲೂ ಬದುಕುತ್ತವೆ. ಎ.ಸಿ.ಯಿಂದ ತೊಟ್ಟಿಕ್ಕುವ ನೀರೂ ಮೆತ್ತನೆಯದೇ. ಆರ್.ಓ. ಯಂತ್ರ ಹೊರಗೆ ಬಿಡುವ ನೀರು ಮಾತ್ರ ಬೇಡ. ಅದರಲ್ಲಿ ಉಪ್ಪು, ಸುಣ್ಣ ಬೋರಿನ ನೀರಿಗಿಂತ ಹೆಚ್ಚು.

ಮಳೆ ಬರುವ ದಿನ ಸೂರಿನ ಕೆಳಗಿನ ಕುಂಡಗಳನ್ನು ಹೊರಗಿಟ್ಟು ಚೆನ್ನಾಗಿ ನೆನೆಯಲು ಬಿಡಿ. ಬೇಸಿಗೆಯಿಂದ ಕೂತ ಉಪ್ಪು ತಳದ ತೂತಿನಿಂದ ಇಳಿದುಹೋಗುತ್ತದೆ. ತೂತು ತೆರೆದಿದ್ದರೆ ಮಾತ್ರ. ನಮ್ಮ ಮನೆಗಳ ಶಹಾಬಾದ್ ಹಾಸುಗಲ್ಲು ಎಷ್ಟು ನುಣುಪು ಎಂದರೆ ಅದರ ಮೇಲೆ ಕೂತ ಕುಂಡದ ತಳ ಮುಚ್ಚಳ ಹಾಕಿದಂತೆ ಅಂಟಿಕೊಳ್ಳುತ್ತದೆ. ನೀರು ಒಳಗೇ ನಿಂತು ಬೇರು ಕೊಳೆಯುತ್ತದೆ. ಪ್ರತಿ ಕುಂಡದ ಕೆಳಗೆ ಮೂರು ಇಟ್ಟಿಗೆ ಚೂರು ಕೊಡಿ. ಕಾದ ಕಲ್ಲಿನ ಝಳವೂ ಬೇರಿಗೆ ತಟ್ಟುವುದಿಲ್ಲ.

ಕುಂಡ ಕುಡಿಯಿತೋ ಇಲ್ಲವೋ?

ಎರೆ ಮಣ್ಣು ತುಂಬಿದ ಕುಂಡವನ್ನು ಅಕ್ಟೋಬರಿನಲ್ಲಿ ಬಗ್ಗಿ ನೋಡಿ. ಮಣ್ಣಿಗೂ ಕುಂಡದ ಗೋಡೆಗೂ ನಡುವೆ ಬೆರಳು ತೂರುವಷ್ಟು ಬಿರುಕು ಇರುತ್ತದೆ. ಮಳೆಯಲ್ಲಿ ಉಬ್ಬಿದ ಮಣ್ಣು ಒಣಗಿ ಕುಗ್ಗಿದೆ. ಈಗ ಚೊಂಬು ನೀರು ಹಾಕಿದರೆ ಅದು ಆ ಸಂದಿಯಿಂದ ನೇರ ಕೆಳಗಿಳಿದು ಅರೆ ನಿಮಿಷದಲ್ಲಿ ತೂತಿನಿಂದ ಹೊರಬರುತ್ತದೆ. ನೀರು ಹಾಕಿದ್ದೇವೆ, ಕೆಳಗೂ ಬಂತು, ಆದರೂ ಗಿಡ ಬಾಡಿದೆ ಎನ್ನುವ ದೂರಿಗೆ ಕಾರಣ ಇದೇ. ನಡುವಿನ ಮಣ್ಣಿನ ಗಡ್ಡೆ ಒಣಗಿ ಕಲ್ಲಾಗಿರುತ್ತದೆ.

ಕುಂಡವನ್ನು ಎತ್ತಿ ಬಕೆಟ್ ಇಲ್ಲವೇ ಟಬ್ಬಿನ ನೀರಿನಲ್ಲಿ ಅಂಚಿನವರೆಗೆ ಮುಳುಗಿಸಿ. ಗುಳ್ಳೆ ಏಳುವುದು ನಿಲ್ಲುವತನಕ, ಸುಮಾರು ಅರ್ಧ ಗಂಟೆ ಬಿಡಿ. ಎತ್ತಿಟ್ಟು ನೀರು ಬಸಿದ ಮೇಲೆ ಸಂದಿಗೆ ಮರಳು ಮತ್ತು ಪುಡಿ ಗೊಬ್ಬರವನ್ನು ಸಮಪಾಲು ಬೆರೆಸಿ ಕಡ್ಡಿಯಿಂದ ತುಂಬಿ. ಮೇಲೆ ಒಂದೂವರೆ ಇಂಚು ತೊಗರಿ ಹೊಟ್ಟು ಹಾಸಿ. ದಾಲ್ ಮಿಲ್ಲುಗಳ ಊರಿನಲ್ಲಿ ಇದಕ್ಕೆ ಬರವಿಲ್ಲ. ಹೊಟ್ಟು ಕಾಂಡಕ್ಕೆ ತಾಗದಂತೆ ಎರಡು ಬೆರಳು ಬಿಟ್ಟು ಹಾಸಬೇಕು, ಗೆದ್ದಲು ಕಂಡರೆ ತೆಗೆದುಬಿಡಬೇಕು.

ಮಣ್ಣು ಬದಲಿಸುವುದಿದ್ದರೆ ಮಳೆ ನಿಂತ ಕೂಡಲೇ, ಚಳಿ ಬಲಿಯುವ ಮೊದಲು ಮಾಡಿ. ಕೆಂಪು ಮಣ್ಣು 2 ಪಾಲು, ಎರಡು ವರ್ಷ ಹಳೆಯ ತಿಪ್ಪೆ ಗೊಬ್ಬರ 1 ಪಾಲು, ದಪ್ಪ ಮರಳು 1 ಪಾಲು. ಎರೆ ಮಣ್ಣು ಬಿಟ್ಟು ಬೇರೆ ಸಿಗದಿದ್ದರೆ ಮಣ್ಣು, ಮರಳು, ಗೊಬ್ಬರ ಮೂರೂ ಸಮಪಾಲು. 12 ಇಂಚಿನ ಕುಂಡಕ್ಕೆ ಒಂದು ಹಿಡಿ, ಅಂದರೆ 50 ಗ್ರಾಂ ಬೇವಿನ ಹಿಂಡಿ. ಕುರಿ ಗೊಬ್ಬರ ಹಸಿಯಾಗಿದ್ದರೆ ಬೇರು ಸುಡುತ್ತದೆ. ಹಿಕ್ಕೆ ಕೈಯಲ್ಲಿ ಒತ್ತಿದರೆ ಪುಡಿಯಾಗಬೇಕು.

ಹಳದಿ ಎಲೆ

ಹಳೆಯ, ಕೆಳಗಿನ ಎಲೆ ಪೂರ್ತಿ ಹಳದಿಯಾದರೆ ಸಾರಜನಕ ಕಡಿಮೆ, ಇಲ್ಲವೇ ನೀರು ನಿಂತಿದೆ. ಕುಡಿಯ ಹೊಸ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಬಲೆಯಂತೆ ಕಂಡರೆ ಅದು ಕಬ್ಬಿಣದ ಕೊರತೆ. ಒಂದು ಲೀಟರ್ ಮಳೆನೀರಿಗೆ 1 ಗ್ರಾಂ ಸಿಟ್ರಿಕ್ ಆಮ್ಲ, ಆಮೇಲೆ 5 ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ. 10 ದಿನ ಬಿಟ್ಟು ಇನ್ನೊಮ್ಮೆ. ಕಂದು ಬಣ್ಣಕ್ಕೆ ತಿರುಗಿದ ದ್ರಾವಣ ಚೆಲ್ಲಿಬಿಡಿ. ಹಾಸುಗಲ್ಲಿನ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಕುಂಡವನ್ನು ಪಕ್ಕಕ್ಕೆ ಸರಿಸಿಕೊಳ್ಳಿ. ಫೆರಸ್ ಸಲ್ಫೇಟನ್ನು ಸುಣ್ಣದ ಮಣ್ಣಿಗೆ ಹಾಕುವುದು ಬಹುಪಾಲು ವ್ಯರ್ಥ, ಕೆಲವೇ ದಿನದಲ್ಲಿ ಗಿಡಕ್ಕೆ ಸಿಗದ ತುಕ್ಕಾಗುತ್ತದೆ. ಮಣ್ಣಿಗೇ ಕೊಡಬೇಕಾದರೆ ಪೊಟ್ಟಣದ ಮೇಲೆ ಇಡಿಡಿಎಚ್‌ಎ ಎಂದಿರುವ ಕಬ್ಬಿಣ ಕೊಳ್ಳಿ. ಅಗ್ಗದ ಇಡಿಟಿಎ ಇಲ್ಲಿ ನಿಲ್ಲುವುದಿಲ್ಲ. ಗುಣವಾಯಿತೇ ಎಂದು ತಿಳಿಯಲು ಹಳೆಯ ಹಳದಿ ಎಲೆ ನೋಡಬೇಡಿ, ಮುಂದೆ ಬರುವ ಕುಡಿ ನೋಡಿ.

ಕತ್ತರಿ ಯಾವುದಕ್ಕೆ, ಯಾವಾಗ

ಗುಲಾಬಿಗೆ ಅಕ್ಟೋಬರ್ ಎರಡನೇ, ಮೂರನೇ ವಾರ. ಮೋಡ ಹರಿದು ಮೂರು ನಾಲ್ಕು ದಿನ ಬಿಸಿಲು ಬಿದ್ದಿರಬೇಕು. ಹಸಿ ಗಾಳಿಯಲ್ಲಿ ಕತ್ತರಿಸಿದರೆ ತುದಿಯಿಂದ ಕೆಳಕ್ಕೆ ಕಪ್ಪಾಗಿ ಒಣಗುತ್ತಾ ಬರುತ್ತದೆ. ಒಣ ಕಡ್ಡಿ, ಪೆನ್ಸಿಲಿಗಿಂತ ಸಣ್ಣ ಕಡ್ಡಿ, ಒಳಮುಖವಾಗಿ ಬೆಳೆದವನ್ನು ಮೊದಲು ತೆಗೆಯಿರಿ. ಗಟ್ಟಿಯಾದ ನಾಲ್ಕೈದು ಕೊಂಬೆ ಉಳಿಸಿ, ಅವನ್ನು ಅರ್ಧಕ್ಕೆ, ಹೊರಮುಖದ ಕಣ್ಣಿಗಿಂತ (ಚಿಗುರು ಒಡೆಯುವ ಜಾಗ) ಕಾಲು ಇಂಚು ಮೇಲೆ ಓರೆಯಾಗಿ ಕತ್ತರಿಸಿ. ಒಳಗಿನ ತಿರುಳು ಬೆಳ್ಳಗಿರಬೇಕು. ಕಂದು ಕಂಡರೆ ಇನ್ನೂ ಕೆಳಗೆ ಹೋಗಿ. ಗಾಯಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಎಂಬ ಶಿಲೀಂಧ್ರನಾಶಕವನ್ನು ನೀರಿನಲ್ಲಿ ಗಂಧದಂತೆ ಕಲಸಿ ಹಚ್ಚಿ. ಕಸಿ ಗಂಟಿನ ಕೆಳಗಿನಿಂದ ಎದ್ದ ಚಿಗುರನ್ನು ಕತ್ತರಿಸದೆ ಬುಡದಿಂದ ಕಿತ್ತುಹಾಕಿ. ಆರೇಳು ವಾರಕ್ಕೆ ಹೂ. ನಾಟಿ ಗುಲಾಬಿಗೆ ಇಷ್ಟು ಕತ್ತರಿ ಬೇಡ, ಸವರಿದರೆ ಸಾಕು.

ಕಾಗದದ ಹೂವಿನ ಗಿಡ ಮಳೆಯಲ್ಲಿ ಬರೀ ಎಲೆ, ಉದ್ದ ಬಳ್ಳಿ ಬಿಟ್ಟಿರುತ್ತದೆ. ಮೂರನೇ ಒಂದು ಭಾಗ ಕತ್ತರಿಸಿ, ಎಲೆ ಸ್ವಲ್ಪ ಜೋಲುವತನಕ ನೀರು ತಡೆದು, ಆಮೇಲೆ ತುಂಬ ಕೊಡಿ. ಯೂರಿಯಾ ಬೇಡ.

ದಾಸವಾಳಕ್ಕೆ ತುದಿ ಚಿವುಟಿದರೆ ಸಾಕು. ಗಾಳಿ ಒಣಗುತ್ತಿದ್ದಂತೆ ಅದಕ್ಕೆ ಬಿಳಿ ಹಿಟ್ಟಿನ ತಿಗಣೆ ಮುತ್ತುತ್ತದೆ, ಹೊತ್ತು ತರುವುದು ಇರುವೆ. ಜೋರು ನೀರಿನಿಂದ ತೊಳೆದು, ಮರುದಿನ ಸಂಜೆ ಒಂದು ಲೀಟರಿಗೆ 5 ಮಿ.ಲೀ. ಬೇವಿನ ಎಣ್ಣೆ, 1 ಮಿ.ಲೀ. ದ್ರವ ಸೋಪು ಹಾಕಿ ಹೊಡೆಯಿರಿ. ಇಲ್ಲೂ ಮಳೆನೀರೇ ಬೇಕು: ಬೋರಿನ ನೀರಿನಲ್ಲಿ ಸೋಪು ಒಡೆದು ಎಣ್ಣೆ ಮೇಲೆ ತೇಲುತ್ತದೆ, ಬಿದ್ದಲ್ಲಿ ಎಲೆ ಸುಡುತ್ತದೆ.

ಸೇವಂತಿಗೆಯ ತುದಿ ಈಗ ಚಿವುಟಬೇಡಿ, ಮೊಗ್ಗು ಕೂರುವ ಕಾಲ. ರಾತ್ರಿ ಉದ್ದವಾದರೆ ಮಾತ್ರ ಮೊಗ್ಗು ಕಟ್ಟುವ ಗಿಡ ಇದು. ಬೀದಿ ದೀಪ ಅಥವಾ ಗೇಟಿನ ಬಲ್ಬಿನ ಬೆಳಕು ರಾತ್ರಿಯೆಲ್ಲ ಬೀಳುವ ಕಡೆ ಇಟ್ಟ ಕುಂಡ ಎಲೆ ಬಿಡುತ್ತಲೇ ಇರುತ್ತದೆ, ಹೂ ಬಿಡದು. ಕತ್ತಲ ಮೂಲೆಗೆ ಸರಿಸಿ, ಕಡ್ಡಿ ಊರಿ ಕಟ್ಟಿ, ನೀರನ್ನು ಬುಡಕ್ಕೇ ಕೊಡಿ.

ನೆಲದಲ್ಲಿರುವ ಗಿಡ

ಎರೆ ನೆಲ ಹದಕ್ಕೆ ಬರುವತನಕ ಸಲಿಕೆ ಮುಟ್ಟಬೇಡಿ. ಹಿಡಿ ಮಣ್ಣನ್ನು ಉಂಡೆ ಕಟ್ಟಿ ಸೊಂಟದ ಎತ್ತರದಿಂದ ಬಿಡಿ: ಚಪ್ಪಟೆಯಾದರೆ ಹಸಿ, ಉದುರಿ ಹರಡಿದರೆ ಹದ. ಹೊಸ ಕಣಗಿಲೆ, ನಂದಿಬಟ್ಟಲು ನೆಡಲು ಒಂದೂವರೆ ಅಡಿ ಗುಂಡಿ ಸಾಕು, ಆದರೆ ಗಿಡದ ಬುಡ ಸುತ್ತಲ ನೆಲಕ್ಕಿಂತ ಎರಡು ಮೂರು ಇಂಚು ಎತ್ತರದ ದಿಬ್ಬದ ಮೇಲಿರಲಿ. ನವೆಂಬರಿನಲ್ಲಿ ನೆಲ ಬಿರಿಯುವಾಗ ಸಣ್ಣ ಬೇರು ಹರಿಯುತ್ತವೆ. ಬಿಳಿಜೋಳಕ್ಕೆ ಎಡೆಕುಂಟೆ ಹೊಡೆದು ಬಿರುಕು ಮುಚ್ಚುವ ಹಾಗೆ, ಹದಿನೈದು ದಿನಕ್ಕೊಮ್ಮೆ ಕುರ್ಪಿಯಿಂದ ಮೇಲಿನ ಎರಡು ಇಂಚು ಸಡಿಲಿಸಿ ಹೊಟ್ಟು ಹರಡಿ.

ದುಂಡುಮಲ್ಲಿಗೆಗೆ ಈಗ ಕತ್ತರಿ ಬೇಡ. ನವೆಂಬರ್ ಕೊನೆಗೆ ನೀರು ಕಡಿಮೆ ಮಾಡಿ, ನೆಲದಿಂದ ಒಂದೂವರೆ ಅಡಿ ಬಿಟ್ಟು ಕತ್ತರಿಸಿ, ಉಳಿದ ಎಲೆ ತೆಗೆದುಹಾಕಿ. ಎಳ್ಳಮಾಸಿ (ಎಳ್ಳು ಅಮಾವಾಸ್ಯೆ) ಕಳೆದು ಚಿಗುರು ಕಂಡ ಮೇಲೆಯೇ ಗೊಬ್ಬರ.