ಶುಕ್ರವಾರದ ದೀಪದಿಂದ ಅವರೆಕಾಳಿನ ಸಾರಿನವರೆಗೆ: ಬೆನೆ ಇಸ್ರೇಲ್ ಮನೆಯಲ್ಲಿ ವರ್ಷದ ಹಬ್ಬ

ಪೆಸಾಹ್ ಹಬ್ಬದ ದಿನ ಯಹೂದಿಯರ ಮನೆಗೆ ಚಿರೋಟಿ ತೆಗೆದುಕೊಂಡು ಹೋದವಳು ನಾನು. ಠಾಣೆಯಲ್ಲಿ ನಮ್ಮ ಮೇಲಿನ ಮನೆಯವರು ಬೆನೆ ಇಸ್ರೇಲ್ ಪಂಗಡದವರು. ಆ ಮನೆಯ ಮಾವಶಿ (ಮರಾಠಿಯಲ್ಲಿ ಚಿಕ್ಕಮ್ಮ) ಬಾಗಿಲಲ್ಲೇ ಡಬ್ಬಿ ನೋಡಿ, 'ಇದು ಗೋಧಿದಾ?' ಅಂತ ಕೇಳಿದರು. ಹೌದು ಅಂದೆ. ನಗುತ್ತಲೇ ಡಬ್ಬಿಯನ್ನು ಹೊಸ್ತಿಲ ಹೊರಗಿಡಿಸಿ, ಕೆಳಗಿನ ವಾಚ್‌ಮನ್‌ಗೆ ಕೊಟ್ಟುಬಿಡು ಅಂದರು. ಆ ಎಂಟು ದಿನ ಅವರ ಮನೆಯಲ್ಲಿ ಹುದುಗುವ ಧಾನ್ಯದ ಒಂದು ಚೂರೂ ಇರುವಂತಿಲ್ಲ ಅಂತ ಆಮೇಲೆ ಗೊತ್ತಾಯಿತು.

ನಿಮಗೂ ಇಂಥ ನೆರೆಹೊರೆ ಇದ್ದರೆ, ಅಥವಾ ಸುಮ್ನೆ ಕುತೂಹಲ ಇದ್ದರೆ, ಅವರ ಒಂದು ವರ್ಷ ಹೇಗೆ ಸಾಗುತ್ತದೆ ಅನ್ನೋದು ಇಲ್ಲಿದೆ. ನಾನು ಹೇಳುವುದು ಕೊಂಕಣದ ಬೆನೆ ಇಸ್ರೇಲರ ಪದ್ಧತಿ. ಅವರ ಮನೆಮಾತು ಮರಾಠಿ. ಹಿಂದೆ ರಾಯಗಡದ ಹಳ್ಳಿಗಳಲ್ಲಿ ಗಾಣದಿಂದ ಎಣ್ಣೆ ತೆಗೆಯುತ್ತಿದ್ದವರು, ಶನಿವಾರ ಗಾಣ ನಿಲ್ಲಿಸುತ್ತಿದ್ದರು. ಅದಕ್ಕೇ ಊರವರು ಇಟ್ಟ ಹೆಸರು 'ಶನಿವಾರ ತೇಲಿ'.

ಮೊದಲು ಪಂಚಾಂಗ

ಇದು ನಮಗೆ ಕಷ್ಟವಾಗಬಾರದು. ಅವರ ತಿಂಗಳೂ ಚಂದ್ರನ ಲೆಕ್ಕದ್ದೇ, 29 ಅಥವಾ 30 ದಿನ. ವರ್ಷಕ್ಕೆ ಸುಮಾರು 354 ದಿನ ಆಗುತ್ತದೆ. ಋತು ತಪ್ಪಬಾರದು ಅಂತ 19 ವರ್ಷಕ್ಕೆ ಏಳು ಸಲ ಒಂದು ತಿಂಗಳು ಸೇರಿಸುತ್ತಾರೆ. ನಮ್ಮ ಅಧಿಕ ಮಾಸದ ಹಾಗೇ. ಆದರೆ ಅವರು ಸೇರಿಸುವ ವರ್ಷವೂ ನಾವು ಸೇರಿಸುವ ವರ್ಷವೂ ಒಂದೇ ಆಗಿರಬೇಕು ಅಂತೇನಿಲ್ಲ. 2025ರಲ್ಲಿ ನಮ್ಮ ನವರಾತ್ರಿ ಶುರುವಾದ ಸೆಪ್ಟೆಂಬರ್ 22ರ ಸಂಜೆಯೇ ಅವರ ಹೊಸ ವರ್ಷವೂ ಶುರುವಾಯಿತು. ಅಕ್ಟೋಬರ್ 2ಕ್ಕೆ ನಮಗೆ ವಿಜಯದಶಮಿ, ಅವರಿಗೆ ಉಪವಾಸದ ಯೋಮ್ ಕಿಪ್ಪುರ್. 2026ರಲ್ಲಿ ನಮಗೆ ಅಧಿಕ ಜ್ಯೇಷ್ಠ ಬಂದದ್ದರಿಂದ ಅವರ ಹೊಸ ವರ್ಷ ಸೆಪ್ಟೆಂಬರ್ 11ರ ಸಂಜೆಗೆ, ನಮ್ಮ ನವರಾತ್ರಿ ಅಕ್ಟೋಬರ್‌ಗೆ.

ಇನ್ನೊಂದು ಮುಖ್ಯ ಸಂಗತಿ: ಅವರ ದಿನ ಶುರುವಾಗುವುದು ಸೂರ್ಯ ಮುಳುಗಿದ ಮೇಲೆ. ಕ್ಯಾಲೆಂಡರ್‌ನಲ್ಲಿ ಹಬ್ಬ ನಾಳೆ ಅಂತ ಇದ್ದರೆ ಇವತ್ತು ಸಂಜೆಗೇ ಅಡುಗೆ ಮುಗಿದಿರಬೇಕು.

ಶುಕ್ರವಾರದಿಂದ ಶುರು ಮಾಡಿ

ಹಬ್ಬ ಅಂದರೆ ಎಲ್ಲರೂ ದೊಡ್ಡ ಹಬ್ಬದಿಂದಲೇ ಶುರು ಮಾಡುತ್ತಾರೆ. ನನ್ನ ಪ್ರಕಾರ ಅದು ತಪ್ಪು. ವಾರಕ್ಕೊಮ್ಮೆ ಬರುವ ವಿಶ್ರಾಂತಿಯ ದಿನ ಶಬ್ಬಾತ್ ಅರ್ಥವಾದರೆ ಉಳಿದದ್ದೆಲ್ಲ ಅದರ ಮೇಲೆ ಕೂರುತ್ತದೆ.

ಗುರುವಾರ ರಾತ್ರಿ ಮಾವಶಿ ಒಂದು ಹಿಡಿ ಕಪ್ಪು ಒಣದ್ರಾಕ್ಷಿ ನೆನೆಹಾಕುತ್ತಾರೆ. ಮರುದಿನ ಅದನ್ನು ಅದೇ ನೀರಲ್ಲಿ ಚೆನ್ನಾಗಿ ಕಿವುಚಿ, ಬಟ್ಟೆಯಲ್ಲಿ ಸೋಸಿದರೆ ಕಂದು ಬಣ್ಣದ ಸಿಹಿ ಶರಬತ್ತು. ಬೇರೆ ದೇಶದ ಯಹೂದಿಯರು ಪ್ರಾರ್ಥನೆಗೆ ವೈನ್ ಇಡುವ ಜಾಗದಲ್ಲಿ ಇವರದು ಈ ಶರಬತ್ತು. ಸಂಜೆ ಸೂರ್ಯ ಮುಳುಗಲು ಸುಮಾರು 18 ನಿಮಿಷ ಇರುವಾಗ ಮನೆಯ ಹೆಂಗಸು ದೀಪ ಹಚ್ಚಬೇಕು. ಮಾವಶಿ ಗಾಜಿನ ಲೋಟದಲ್ಲಿ ಅರ್ಧ ನೀರು, ಮೇಲೆ ಕೊಬ್ಬರಿ ಎಣ್ಣೆ, ಅದರಲ್ಲೊಂದು ಬತ್ತಿ ಇಡುತ್ತಾರೆ. ಹಚ್ಚಿ, ಕಣ್ಣು ಮುಚ್ಚಿ ಪ್ರಾರ್ಥನೆ. ಆಮೇಲೆ ಬೆಂಕಿ ಹಚ್ಚುವಂತಿಲ್ಲ. ಶರಬತ್ತಿನ ಮೇಲೆ ಕಿದ್ದುಶ್ ಪ್ರಾರ್ಥನೆ ಹೇಳಿ ಎಲ್ಲರೂ ಒಂದೊಂದು ಗುಟುಕು ಕುಡಿಯುತ್ತಾರೆ. ರೊಟ್ಟಿಗೆ ಉಪ್ಪು ಮುಟ್ಟಿಸಿ ಒಂದೊಂದು ತುಂಡು. ಆಮೇಲೆ ಊಟ, ಹೆಚ್ಚಿನ ಸಲ ತೆಂಗಿನಕಾಯಿ ಅರೆದ ಮೀನು ಸಾರು. ಹುರುಪೆ, ರೆಕ್ಕೆ ಎರಡೂ ಇರುವ ಮೀನು ಮಾತ್ರ. ಸಿಗಡಿ, ಏಡಿ ಇಲ್ಲ. ಶನಿವಾರ ರಾತ್ರಿ ಆಕಾಶದಲ್ಲಿ ಮೂರು ನಕ್ಷತ್ರ ಕಂಡರೆ ಶಬ್ಬಾತ್ ಮುಗಿಯಿತು.

ಆ ಮನೆಗೆ ಏನಾದರೂ ಒಯ್ಯುವವರು ಒಂದು ನಿಯಮ ನೆನಪಿಡಿ: ಮಾಂಸದ ಊಟದ ಜೊತೆ ಹಾಲಿನದು ಏನೂ ಬರುವಂತಿಲ್ಲ. ಪೇಡೆ, ಬರ್ಫಿ ಬೇಡ. ಹಣ್ಣು ಒಯ್ಯಿರಿ. ಯಾರಿಗೂ ತೊಂದರೆ ಇಲ್ಲ.

ಹೊಸ ವರ್ಷದ ಹಲ್ವ

ರೋಶ್ ಹಶಾನಾಕ್ಕೆ ಮರಾಠಿಯಲ್ಲಿ 'ನವ್ಯಾಚಾ ಸಣ್', ಹೊಸದರ ಹಬ್ಬ. ಎಲ್ಲೆಡೆಯ ಯಹೂದಿಯರು ಸೇಬನ್ನು ಜೇನಿನಲ್ಲಿ ಅದ್ದಿ ತಿನ್ನುತ್ತಾರೆ, ಇವರೂ ತಿನ್ನುತ್ತಾರೆ. ಆದರೆ ಮನೆಯ ಮಕ್ಕಳು ಕಾಯುವುದು 'ಚಿಕ್ ಹಲ್ವ'ಕ್ಕೆ. ಚಿಕ್ ಅಂದರೆ ಗೋಧಿ ಹಾಲು. ಇಡೀ ಗೋಧಿಯನ್ನು ಮೂರು ದಿನ ನೆನೆಸಬೇಕು, ದಿನಾ ನೀರು ಬದಲಿಸಬೇಕು. ರುಬ್ಬಿ, ಹಿಂಡಿ, ಹಾಲು ತಳ ಕಂಡ ಮೇಲೆ ಮೇಲಿನ ನೀರು ಬಗ್ಗಿಸಬೇಕು. ಅದಕ್ಕೆ ತೆಂಗಿನ ಹಾಲು, ಸಕ್ಕರೆ ಸೇರಿಸಿ ಕೈ ಬಿಡದೆ ಮಗುಚಬೇಕು. ತೆಂಗಿನ ಹಾಲೇ ಯಾಕೆ? ಮಾಂಸದೂಟದ ನಂತರವೂ ತಿನ್ನಬಹುದಲ್ವಾ, ಅದಕ್ಕೆ. ನಮ್ಮ ಅಜ್ಜಿ ಗೋಧಿ ಹಾಲುಬಾಯಿ ಮಾಡುತ್ತಿದ್ದದ್ದೂ ಹೆಚ್ಚುಕಮ್ಮಿ ಹೀಗೇ. ಒಬ್ಬರಿಂದ ಆಗುವ ಕೆಲಸವಲ್ಲ ಇದು. ನೆಂಟರು ಸರದಿಯಲ್ಲಿ ಸೌಟು ಹಿಡಿಯುತ್ತಾರೆ. ಈಗಿನವರು ಚೈನಾ ಗ್ರಾಸ್ ಹಾಕಿ ಬೇಗ ಮುಗಿಸುತ್ತಾರೆ. ರುಚಿ ಪರವಾಗಿಲ್ಲ, ಆ ಜಿಗುಟು ಮಾತ್ರ ಬರುವುದಿಲ್ಲ.

ಸಿನಗಾಗ್‌ನಲ್ಲಿ, ಅಂದರೆ ಯಹೂದಿಯರ ಪ್ರಾರ್ಥನಾ ಮಂದಿರದಲ್ಲಿ, ಟಗರಿನ ಕೊಂಬಿನ ಕಹಳೆ, ಶೋಫಾರ್, ಊದುತ್ತಾರೆ. ಎಲ್ಲ ಸೇರಿ ನೂರು ಊದು.

ಹತ್ತನೇ ದಿನ ಯೋಮ್ ಕಿಪ್ಪುರ್. ಹಳೇ ಹೆಸರು 'ದಾರ್ ಫಾಳ್ಣಿಚಾ ಸಣ್', ಅಂದರೆ ಬಾಗಿಲು ಮುಚ್ಚುವ ಹಬ್ಬ. ಸುಮಾರು 25 ಗಂಟೆ ಅನ್ನ ನೀರು ಎರಡೂ ಇಲ್ಲ, ಬಿಳಿ ಬಟ್ಟೆ, ದಿನವೆಲ್ಲ ಪ್ರಾರ್ಥನೆ. ಆ ದಿನ ಫೋನ್ ಮಾಡಿ ಶುಭಾಶಯ ಹೇಳಲು ಹೋಗಬೇಡಿ. ಮರುದಿನ 'ಶಿಳಾ ಸಣ್', ತಂಗಳು ಹಬ್ಬ. ಬಡವರಿಗೆ ದಾನ, ನೆಂಟರ ಮನೆಗೆ ಭೇಟಿ. ನೀವು ಹೋಗಬೇಕಾದ ದಿನ ಅದು.

ಹತ್ತು ಜನ ಬೇಕು

ಮನೆಯ ಹಬ್ಬಕ್ಕೆ ಅಡುಗೆಮನೆ ಸಾಕು. ಸಿನಗಾಗ್‌ನಲ್ಲಿ ಪೂರ್ತಿ ಪ್ರಾರ್ಥನೆ ನಡೆಯಲು ಕನಿಷ್ಠ ಹತ್ತು ಜನ ಗಂಡಸರು ಬೇಕು. ಇದಕ್ಕೆ ಮಿನ್ಯಾನ್ ಅನ್ನುತ್ತಾರೆ. 1948ರ ನಂತರ ಪಂಗಡದ ಹೆಚ್ಚಿನವರು ಇಸ್ರೇಲ್‌ಗೆ ಹೋದ ಮೇಲೆ ಈ ಹತ್ತೇ ದೊಡ್ಡ ಲೆಕ್ಕ. ಮಾವಶಿಯ ಯಜಮಾನರಿಗೆ ಬೆಳಿಗ್ಗೆ ಎಷ್ಟೋ ಸಲ ಫೋನ್ ಬರುತ್ತಿತ್ತು: 'ಒಂಬತ್ತು ಜನ ಇದ್ದೇವೆ.' ಅಷ್ಟೇ ಮಾತು. ಅವರು ಚಹಾ ಅಲ್ಲೇ ಬಿಟ್ಟು ಟೋಪಿ ಹಾಕಿಕೊಂಡು ಹೊರಡುತ್ತಿದ್ದರು.

ಠಾಣೆಯ ಟೆಂಭಿ ನಾಕಾ ಕಡೆಯ ಸಿನಗಾಗ್ 1879ರದ್ದು. ಮುಂಬೈನಲ್ಲಿ ಅದಕ್ಕಿಂತ ಹಳೆಯದು ಮಸ್ಜಿದ್ ಬಂದರ್ ಬಳಿಯ ಶಾರ್ ಹರಹಮೀಮ್, 1796ರದ್ದು. ಅದಕ್ಕೂ ನಮ್ಮ ಮೈಸೂರಿಗೂ ನಂಟಿದೆ. ಕಟ್ಟಿಸಿದ ಸಾಮ್ಯುಯೆಲ್ ದಿವೇಕರ್ ಇಂಗ್ಲಿಷರ ಸೈನ್ಯದಲ್ಲಿದ್ದು, ಯುದ್ಧದಲ್ಲಿ ಟಿಪ್ಪುವಿನ ಸೆರೆ ಸಿಕ್ಕವರು. ಬಿಡುಗಡೆಯಾಗಿ ಬಂದ ಮೇಲೆ ಸಿನಗಾಗ್ ಕಟ್ಟಿಸಿದರು. ಜನ ಅದನ್ನು 'ಜುನಿ ಮಶೀದ್', ಅಂದರೆ ಹಳೇ ಮಸೀದಿ, ಅನ್ನುತ್ತಿದ್ದರು. ಅಲ್ಲಿನ ಮಸ್ಜಿದ್ ರೈಲು ಸ್ಟೇಷನ್ನಿನ ಹೆಸರಿನಲ್ಲಿರುವ ಮಸ್ಜಿದ್ ಇದೇ ಅಂತ ಬೆನೆ ಇಸ್ರೇಲರ ವಾದ.

ಯೋಮ್ ಕಿಪ್ಪುರ್ ಆಗಿ ನಾಲ್ಕು ದಿನ ಕಳೆದರೆ ಹುಣ್ಣಿಮೆಗೆ ಸುಕ್ಕೋತ್. ಸಿನಗಾಗ್ ಅಂಗಳದಲ್ಲಿ ಗರಿ, ಸೊಪ್ಪಿನ ಚಪ್ಪರ ಹಾಕುತ್ತಾರೆ. ಮಾಡಿನ ಸಂದಿಯಿಂದ ನಕ್ಷತ್ರ ಕಾಣಬೇಕು, ಆದರೆ ಬಿಸಿಲಿಗಿಂತ ನೆರಳು ಜಾಸ್ತಿ ಇರಬೇಕು. ಫ್ಲ್ಯಾಟ್‌ನಲ್ಲಿರುವವರು ಇದನ್ನು ಒಟ್ಟಾಗಿಯೇ ಮಾಡಬೇಕು, ಬೇರೆ ದಾರಿ ಇಲ್ಲ. ಮಕ್ಕಳಿಗೆ ಹಣ್ಣು ಕಟ್ಟುವ ಕೆಲಸ ಕೊಡಿ.

ಹನುಕ್ಕಾ ಡಿಸೆಂಬರ್ ಹೊತ್ತಿಗೆ, ಎಂಟು ರಾತ್ರಿ. ದಿನಕ್ಕೊಂದು ದೀಪ ಜಾಸ್ತಿ. ಬತ್ತಿಯನ್ನು ಬಲದಿಂದ ಎಡಕ್ಕೆ ಜೋಡಿಸಿ, ಹಚ್ಚುವಾಗ ಎಡದಿಂದ, ಅಂದರೆ ಹೊಸದರಿಂದ, ಹಚ್ಚಬೇಕು. ಹಚ್ಚಲು ಬಳಸುವ ಇನ್ನೊಂದು ದೀಪವನ್ನೂ ಸೇರಿಸಿದರೆ ಎಂಟು ದಿನಕ್ಕೆ 44 ಮೇಣದ ಬತ್ತಿ. ಒಂದೇ ಸಲ ತಂದಿಡಿ.

ಮಲಿದಾ: ಇದು ಇವರದ್ದೇ

ಗಿಡಮರಗಳ ಹೊಸ ವರ್ಷವಾದ ತು ಬಿಶ್ವಾತ್, ಜನವರಿ-ಫೆಬ್ರವರಿಯ ಹುಣ್ಣಿಮೆಗೆ ಬರುತ್ತದೆ. ಆ ದಿನ ಇವರು ಪ್ರವಾದಿ ಎಲಿಯಾಹುವನ್ನು ನೆನೆಯುತ್ತಾರೆ. ಅಲಿಬಾಗ್ ಹತ್ತಿರದ ಖಂಡಾಳ ಹಳ್ಳಿಯ ಬಂಡೆಯ ಮೇಲಿನ ಗುರುತು ಎಲಿಯಾಹುವಿನ ರಥದ್ದು ಅನ್ನುವ ನಂಬಿಕೆಯಿದೆ, ಅಲ್ಲಿಗೆ ಹೋಗುವವರೂ ಇದ್ದಾರೆ.

ಆ ದಿನ ಮಾಡುವ ಸಿಹಿ ಅವಲಕ್ಕಿಯೇ ಮಲಿದಾ. ಮಾಡುವುದು ಸುಲಭ. ಅವಲಕ್ಕಿ ತೊಳೆದು ಬಸಿಯಿರಿ, ಮುದ್ದೆಯಾಗಬಾರದು. ತೆಂಗಿನ ತುರಿ, ಸಕ್ಕರೆ, ಏಲಕ್ಕಿ, ದ್ರಾಕ್ಷಿ, ಬಾದಾಮಿ ಬೆರೆಸಿ. ದೊಡ್ಡ ತಟ್ಟೆಯಲ್ಲಿ ಗುಡ್ಡೆ ಹಾಕಿ, ಸುತ್ತ ಐದು ಬಗೆಯ ಹಣ್ಣು, ಮೇಲೆ ಗುಲಾಬಿ ಎಸಳು. ಎಲ್ಲರೂ ಸುತ್ತ ಕೂತು ಎಲಿಯಾಹುವಿನ ಹಾಡು ಹೇಳಿ, ಒಂದೊಂದು ಹಣ್ಣಿಗೂ ಪ್ರಾರ್ಥನೆ ಮಾಡಿ ಹಂಚುತ್ತಾರೆ. ಮದುವೆಗೆ, ಹರಕೆ ತೀರಿದಾಗ, ಹೊಸ ಮನೆ ಹೊಕ್ಕಾಗಲೂ ಮಲಿದಾ ಆಗುತ್ತದೆ.

ಪೂರಿಮ್‌ಗೆ 'ಹೋಳಿಚಾ ಸಣ್' ಅನ್ನುವ ಹೆಸರೇ ಇದೆ. ಅದೂ ಹೋಳಿ ಹುಣ್ಣಿಮೆಯ ಸುತ್ತಮುತ್ತ ಬರುತ್ತದೆ, ಪೂರನ್ ಪೋಳಿ ಆಗುತ್ತದೆ. ರಾಣಿ ಎಸ್ತೇರಳ ಕತೆ ಓದುವಾಗ ಯಹೂದಿಯರನ್ನು ಅಳಿಸಲು ಹೊರಟ ಮಂತ್ರಿ ಹಾಮಾನನ ಹೆಸರು ಬಂದಾಗೆಲ್ಲ ಮಕ್ಕಳು ಕಾಲು ಬಡಿದು ಗಲಾಟೆ ಮಾಡಬೇಕು. ಬೈಗುಳವಿಲ್ಲದ ಗಲಾಟೆ ವರ್ಷಕ್ಕೆ ಒಂದೇ ದಿನ.

ಪೆಸಾಹ್‌ಗೆ ಒಂದು ತಿಂಗಳು ಮೊದಲೇ

ಪೂರಿಮ್ ಮುಗಿದ ಮರುದಿನವೇ ಗೋಧಿ ಡಬ್ಬಿ ಖಾಲಿ ಮಾಡಲು ಶುರು ಮಾಡಬೇಕು. ಗೋಧಿ, ಬಾರ್ಲಿ, ಓಟ್ಸ್, ರೈ ಇವುಗಳಿಂದ ಮಾಡಿದ ಬ್ರೆಡ್, ಬಿಸ್ಕತ್ತು, ರವೆ ಎಲ್ಲ ಹೋಗಬೇಕು. ಯುರೋಪಿನ ಹೆಚ್ಚಿನ ಯಹೂದಿಯರು ಅಕ್ಕಿಯನ್ನೂ ಬಿಡುವ ಪದ್ಧತಿ ಇಟ್ಟುಕೊಂಡಿದ್ದಾರೆ. ಇವರಿಗೆ ಅಕ್ಕಿ ಉಂಟು, ಅಕ್ಕಿ ಭಾಕರಿಯಲ್ಲಿ ವಾರ ಕಳೆಯುತ್ತದೆ.

ಹಿಂದಿನ ರಾತ್ರಿ ಮನೆ ಕತ್ತಲು ಮಾಡಿ, ಮೇಣದ ಬತ್ತಿ ಹಿಡಿದು ಹುಡುಕಾಟ. ಹುಡುಕಿ ಏನೂ ಸಿಗದೆ ಹೋಗಬಾರದಲ್ವಾ? ಅದಕ್ಕೆ ಹತ್ತು ಚೂರು ಬ್ರೆಡ್ಡನ್ನು ಮೊದಲೇ ಬಚ್ಚಿಡುತ್ತಾರೆ. ಎಲ್ಲಿಟ್ಟಿರಿ ಅಂತ ಬರೆದಿಟ್ಟುಕೊಳ್ಳಿ. ಮಾವಶಿಯ ಮನೆಯಲ್ಲಿ ಒಂದು ವರ್ಷ ಒಂಬತ್ತೇ ಸಿಕ್ಕಿ, ರಾತ್ರಿ ಹನ್ನೆರಡರವರೆಗೆ ಸೋಫಾ ಸರಿಸಿದ್ದರು. ಸಿಕ್ಕಿದ್ದನ್ನು ಬೆಳಿಗ್ಗೆ ಸುಡುತ್ತಾರೆ.

ಹಬ್ಬದ ರಾತ್ರಿಯ ಊಟಕ್ಕೆ ಸೆದೆರ್ ಅಂತ ಹೆಸರು. ಮತ್ಸಾ ಅನ್ನುವ ಹುದುಗದ ರೊಟ್ಟಿ, ಕಹಿ ಸೊಪ್ಪು, ಉಪ್ಪುನೀರು, ಮೊಟ್ಟೆ, ಖರ್ಜೂರ ಬೇಯಿಸಿ ಸೋಸಿದ ಶೀರಾ ಅನ್ನುವ ಪಾಕ. ಹಿಟ್ಟಿಗೆ ನೀರು ಬಿದ್ದು 18 ನಿಮಿಷದೊಳಗೆ ಮತ್ಸಾ ಬೆಂದಿರಬೇಕು. ಮನೆಯ ಅತಿ ಚಿಕ್ಕ ಮಗು ನಾಲ್ಕು ಪ್ರಶ್ನೆ ಕೇಳುತ್ತದೆ: ಈ ರಾತ್ರಿ ಬೇರೆ ಯಾಕೆ? ದೊಡ್ಡವರು ಈಜಿಪ್ಟಿನ ಗುಲಾಮಗಿರಿಯಿಂದ ಹೊರಬಂದ ಕತೆ ಹೇಳಬೇಕು. ಕತೆ ಉದ್ದ, ಮಕ್ಕಳಿಗೆ ಮೊದಲೇ ಸ್ವಲ್ಪ ತಿನ್ನಿಸಿ ಕೂರಿಸಿ.

ಅಲ್ಲಿಂದ 49 ದಿನ ಎಣಿಸಿ, 50ನೇ ದಿನ ಶಾವುವೋತ್. ಅದು ಹಾಲಿನ ತಿಂಡಿಗಳ ಹಬ್ಬ. ಪೇಡೆ ಒಯ್ಯಬೇಕೆಂದಿದ್ದರೆ ಅವತ್ತು ಒಯ್ಯಿರಿ, ಯಾವ ಅಂಗಡಿಯದು ಅಂತ ಮಾತ್ರ ಮೊದಲು ಕೇಳಿಕೊಳ್ಳಿ.

ಅವರೆಕಾಳಿನ ದಿನ

ಜುಲೈ-ಆಗಸ್ಟ್ ಹೊತ್ತಿಗೆ ಬರುವ ಆವ್ ತಿಂಗಳ ಒಂಬತ್ತನೇ ತಾರೀಖು ದುಃಖದ ದಿನ. ಜೆರುಸಲೇಮಿನ ದೇವಾಲಯ ಎರಡು ಸಲ ನಾಶವಾದದ್ದರ ನೆನಪು, ಎರಡನೆಯದು ಕ್ರಿ.ಶ. 70ರಲ್ಲಿ. ಅದಕ್ಕೆ ಮೊದಲಿನ ಕೆಲವು ದಿನ ಮಾಂಸವಿಲ್ಲ. ಆ ದಿನ ಉಪವಾಸ, ನೆಲದ ಮೇಲೆ ಕೂತು ಶೋಕದ ಪಠಣ. ಕೊಂಕಣದಲ್ಲಿ ಇದರ ಹೆಸರು ಮಾತ್ರ ಅಡುಗೆಯದು: 'ಬಿರಡ್ಯಾಚಾ ಸಣ್'. ಬಿರಡೆ ಅಂದರೆ ಮೊಳಕೆ ಬರಿಸಿ ಸಿಪ್ಪೆ ತೆಗೆದ ವಾಲ್, ನಮ್ಮ ಅವರೆಯೇ. ಉಪವಾಸ ಬಿಡುವಾಗ ಅನ್ನ, ಬಿರಡೆ ಸಾರು, ಬಾಳೆ ಎಲೆ.

ಇದಕ್ಕೆ ಎರಡು ದಿನ ಮೊದಲೇ ಕಾಳು ನೆನೆಸಬೇಕು. ಮೊಳಕೆ ಬಂದ ಮೇಲೆ ಬೆಚ್ಚಗಿನ ನೀರಲ್ಲಿ ಹಾಕಿ ಒಂದೊಂದನ್ನೇ ಹಿದುಕಬೇಕು. ಮಾವಶಿ ನನ್ನನ್ನು ಕೂರಿಸಿದ ಮೊದಲ ವರ್ಷ, ನಾನು ಹಿದುಕುವ ವೇಗ ನೋಡಿ ಆಶ್ಚರ್ಯಪಟ್ಟರು. ನಮ್ಮೂರಲ್ಲಿ ಚಳಿಗಾಲ ಪೂರ್ತಿ ಇದೇ ಕೆಲಸ ಅಂತ ಹೇಳಿದೆ. ಮರುವರ್ಷದಿಂದ ಕಾಳಿನ ಪಾತ್ರೆ ನೇರ ನಮ್ಮ ಮನೆಗೇ ಇಳಿದು ಬರತೊಡಗಿತು.