ಅಗರ್‌ವುಡ್ ಗಿಡದ ಬುಡಕ್ಕೆ ಡ್ರೆಂಚಿಂಗ್: ಯಾವಾಗ, ಎಲ್ಲಿ, ಎಷ್ಟು?

ಶೃಂಗೇರಿ, ಕೊಪ್ಪ, ತೀರ್ಥಹಳ್ಳಿ ಕಡೆ ಅಡಿಕೆ ತೋಟಗಳಲ್ಲಿ ಅಗರ್‌ವುಡ್ ಗಿಡಗಳನ್ನೂ ಬೆಳೆಸುತ್ತಾರೆ. ಬುಡಕ್ಕೆ ಏನಾದರೂ ಸುರಿದರೆ ಅಗರು, ಅಂದರೆ ಕಟ್ಟಿಗೆಯೊಳಗಿನ ಸುಗಂಧದ ಅಂಟು, ಜಾಸ್ತಿ ಕಟ್ಟುತ್ತದೆ ಎಂದುಕೊಳ್ಳಬೇಡಿ. ಕಾಂಡಕ್ಕೆ ಗಾಯವಾಗಿ ಶಿಲೀಂಧ್ರ ಹೊಕ್ಕಾಗ, ಅದನ್ನು ತಡೆಯಲು ಮರ ಆ ಅಂಟನ್ನು ಕಟ್ಟುತ್ತದೆ. ಗಾಯವಿಲ್ಲದ ಮರ ಕಡಿದು ನೋಡಿ, ಒಳಗೆ ಬರೀ ಬಿಳಿ ಕಟ್ಟಿಗೆ. ಆ ಗಾಯ ತಾಳಿಕೊಳ್ಳುವಷ್ಟು ಮರ ಗಟ್ಟಿಯಾಗಿರಬೇಕು, ಅಲ್ವಾ? ಡ್ರೆಂಚಿಂಗ್, ಅಂದರೆ ಬೇರಿರುವ ಮಣ್ಣಿಗೆ ದ್ರಾವಣ ಸುರಿಯುವುದು, ಇರುವುದು ಅದಕ್ಕೆ.

ಮೊದಲು ಬಸಿಗಾಲುವೆ ನೋಡಿ. ಬುಡದಲ್ಲಿ ನೀರು ನಿಂತಿದ್ದರೆ ಯಾವ ದ್ರಾವಣ ಸುರಿದರೂ ದಂಡ. ನೀರು ಇಳಿದು ಹೋದ ಮೇಲೆ ಮುಂದಿನ ಕೆಲಸ.

ಕಾಂಡಕ್ಕೆ ಅಂಟಿಸಿ ಸುರಿಯಬೇಡಿ. ಆಹಾರ ಹೀರುವ ಸಣ್ಣ ಬೇರು ಇರುವುದು ರೆಂಬೆಗಳ ತುದಿಯ ನೆರಳು ಬೀಳುವ ಕಡೆ. ಅಲ್ಲಿನ ತರಗೆಲೆ ಸರಿಸಿ, ಮೇಲ್ಮಣ್ಣನ್ನು ಕೈಯಲ್ಲೇ ಕೆದಕಿ. ಬೇರಿನ ತುದಿ ಬೆಳ್ಳಗಿದ್ದರೆ ಚೆನ್ನಾಗಿದೆ. ಕಂದಾಗಿ, ಎಳೆದರೆ ಸಿಪ್ಪೆ ಕಳಚಿ ಬಂದರೆ ಬೇರು ಕೊಳೆಯುತ್ತಿದೆ.

ಚೆನ್ನಾಗಿರುವ ಗಿಡಕ್ಕೆ ಜೀವಾಮೃತ ಸಾಕು. 200 ಲೀಟರ್ ನೀರಿಗೆ 10 ಕೆ.ಜಿ. ಸಗಣಿ, 10 ಲೀಟರ್ ಗಂಜಲ, ತಲಾ 2 ಕೆ.ಜಿ. ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ನೆರಳಲ್ಲಿಟ್ಟು ಬೆಳಿಗ್ಗೆ, ಸಂಜೆ ಕೋಲಿನಿಂದ ತಿರುಗಿಸಿ. 48 ಗಂಟೆ ಕಳೆದ ಮೇಲೆ ಬಳಸಿ, ವಾರದೊಳಗೆ ಮುಗಿಸಿ. ನೊರೆ ಎದ್ದು ಹುಳಿ ವಾಸನೆ ಬರಬೇಕು. ಕೊಳೆತ ನಾತ ಬಂದರೆ ಆ ಡ್ರಮ್ ಚೆಲ್ಲಿಬಿಡಿ. ಎಳೆ ಗಿಡಕ್ಕೆ ಎರಡು ಲೀಟರ್, ದೊಡ್ಡದಕ್ಕೆ ಐದಾರು ಲೀಟರ್ ಹಾಕಿದರೆ ನಡೆಯುತ್ತದೆ.

ಮುಂಗಾರಿಗೆ ಮುಂಚೆ ಒಂದು ಸಲ, ಮಳೆ ಇಳಿದ ಮೇಲೆ ಇನ್ನೊಂದು ಸಲ ಟ್ರೈಕೋಡರ್ಮಾ ಕೊಡಿ. ಲೀಟರಿಗೆ 10 ಗ್ರಾಂ. ಇದು ಬೇರು ಕೊಳೆಸುವ ರೋಗವನ್ನು ತಡೆಯುವ ಜೀವಂತ ಶಿಲೀಂಧ್ರ, ಬಿಸಿಲಿಗೆ ಸಾಯುತ್ತದೆ. ಹಾಗಾಗಿ ಸಂಜೆ ಹೊತ್ತು, ಮಣ್ಣು ಹಸಿ ಇರುವಾಗ ಸುರಿದು, ತರಗೆಲೆ ವಾಪಸ್ ಮುಚ್ಚಿ. ಪ್ಯಾಕೆಟ್ ಮೇಲಿನ ಅವಧಿ ಮುಗಿದಿದ್ದರೆ ಕೊಳ್ಳಲೇಬೇಡಿ.

ಬೇರು ಕೊಳೆತ ಗಿಡಕ್ಕೆ ಮಾತ್ರ ಕಾಪರ್ ಆಕ್ಸಿಕ್ಲೋರೈಡ್ ಎಂಬ ತಾಮ್ರದ ಶಿಲೀಂಧ್ರನಾಶಕ, ಲೀಟರಿಗೆ 3 ಗ್ರಾಂ. ಮುಂಜಾಗ್ರತೆಗೆ ಅಂತ ಇಡೀ ತೋಟಕ್ಕೆ ಸುಮ್ನೆ ಸುರಿಯುವುದನ್ನು ನಾನು ಒಪ್ಪುವುದಿಲ್ಲ. ತಾಮ್ರ ಮಣ್ಣಿನಲ್ಲೇ ಉಳಿಯುತ್ತದೆ, ಒಳ್ಳೆಯ ಶಿಲೀಂಧ್ರವನ್ನೂ ಕೊಲ್ಲುತ್ತದೆ. ತಾಮ್ರ ಹಾಕಿದ ಬುಡಕ್ಕೆ ಎರಡು ವಾರವಾದರೂ ಬಿಟ್ಟೇ ಟ್ರೈಕೋಡರ್ಮಾ ಕೊಡಬೇಕು.

ಅಗರು ಕಟ್ಟಲಿ ಅಂತ ಕಾಂಡಕ್ಕೆ ತೂತು ಕೊರೆದು ಶಿಲೀಂಧ್ರ ಸೇರಿಸಿದ ಮರಗಳಿಗೆ ಕಾರ್ಬೆಂಡಜಿಮ್‌ನಂಥ ಶಿಲೀಂಧ್ರನಾಶಕ ಔಷಧಿ ಬೇಡವೇ ಬೇಡ. ಬೇರಿನಿಂದ ಅದು ಮೇಲೇರುತ್ತದೆ. ದುಡ್ಡು ಕೊಟ್ಟು ಸೇರಿಸಿದ ಶಿಲೀಂಧ್ರವನ್ನು ನಾವೇ ಕೊಂದ ಹಾಗಾಗುತ್ತದೆ. ಆ ಮರಗಳಿಗೆ ಜೀವಾಮೃತ ಮತ್ತು ಬೇಸಿಗೆಯಲ್ಲಿ ನೀರು, ಇವೆರಡನ್ನು ತಪ್ಪಿಸಬೇಡಿ.