ಕಾಗೆ ಗೂಡಿನಲ್ಲಿ ಕೋಗಿಲೆ: ಮರಿಗಳ ಉಳಿವನ್ನು ಲೆಕ್ಕ ಹಾಕುವುದು ಹೇಗೆ?

ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವುದು ಎಲ್ಲರಿಗೂ ಗೊತ್ತು. ಆದರೆ ಅದರಿಂದ ಎಷ್ಟು ಕಾಗೆಮರಿಗಳು ಸಾಯುತ್ತವೆ ಎಂದು ಅಳೆಯಲು ಹೊರಟವರಲ್ಲಿ ಹೆಚ್ಚಿನವರು ಲೆಕ್ಕದಲ್ಲೇ ಎಡವುತ್ತಾರೆ.

ಮೊದಲು, ಕಾಗೆಗಳು ಕಡ್ಡಿ ಸಾಗಿಸುವಾಗಲೇ ಗೂಡುಗಳನ್ನು ಗುರುತಿಸಿ ಸಂಖ್ಯೆ ಕೊಡಿ.

ಎತ್ತರದ ತಾರಸಿಯಿಂದ ಬೈನಾಕ್ಯುಲರ್‌ನಲ್ಲಿ ನೋಡಿ. ಎಂಟು ಪಟ್ಟು ಹಿಗ್ಗಿಸುವುದು ಸಾಕು. ಮೊಬೈಲಿಗೆ ಸಿಕ್ಕಿಸುವ ಅಗ್ಗದ ಲೆನ್ಸ್ ಕೊಳ್ಳಬೇಡಿ, ಅದರಲ್ಲಿ ಮರಿಗಳ ಗುರುತೇ ಹತ್ತುವುದಿಲ್ಲ. ಮರವನ್ನಂತೂ ಹತ್ತಲೇಬಾರದು: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಕಾಡುಹಕ್ಕಿಗಳ ಮೊಟ್ಟೆ ಕೆಡಿಸುವುದನ್ನೂ ಗೂಡಿಗೆ ತೊಂದರೆ ಕೊಡುವುದನ್ನೂ ಬೇಟೆಯ ವ್ಯಾಖ್ಯೆಯೊಳಗೇ ಸೇರಿಸಿದೆ.

ಪುಕ್ಕ ಮೂಡಿದ ಮೇಲೆ ಮರಿಗಳನ್ನು ಬೇರ್ಪಡಿಸಿ ಗುರುತಿಸಬಹುದು. ಕಾಗೆಮರಿಯ ಕೊಕ್ಕು ದಪ್ಪ. ಕೋಗಿಲೆಯ ಹೆಣ್ಣುಮರಿಗೆ ಬಿಳಿ ಚುಕ್ಕೆಗಳಿರುತ್ತವೆ, ಗಂಡುಮರಿ ಕಪ್ಪಾಗಿರುವುದರಿಂದ ಅದರಲ್ಲೇ ಮೋಸಹೋಗುವುದು ಹೆಚ್ಚು. ಯುರೋಪಿನ ಕುಕ್ಕೂ ಮರಿ ಆತಿಥೇಯ ಮರಿಗಳನ್ನು ಹೊರಗೆ ತಳ್ಳುತ್ತದೆ, ನಮ್ಮ ಕೋಗಿಲೆ ಮರಿ ಹಾಗೆ ತಳ್ಳುವುದಿಲ್ಲ. ಅದು ಕೆಲವು ದಿನ ಮೊದಲೇ ಮೊಟ್ಟೆಯೊಡೆದು ಬಂದು ಬೇಗ ಬೆಳೆಯುತ್ತದೆ, ತಡವಾಗಿ ಬಂದ ಕಾಗೆಮರಿಗಳು ತುತ್ತಿನ ಪೈಪೋಟಿಯಲ್ಲಿ ಸೋತು ಸೊರಗುತ್ತವೆ. ಎರಡೂ ಜಾತಿಯ ಮರಿಗಳು ಒಟ್ಟಿಗೆ ಬೆಳೆದು ಹಾರಿಹೋಗುವುದೂ ಉಂಟು. ಆದ್ದರಿಂದ ಕೋಗಿಲೆ ಮರಿ ಕಂಡ ಕೂಡಲೇ ‘ಕಾಗೆಮರಿಗಳು ನಾಶ’ ಎಂದು ಬರೆದುಕೊಳ್ಳಬಾರದು.

ಕಠಿಣವಾದದ್ದು ಮುಂದಿನ ಹಂತ. ಹತ್ತು ಗೂಡು ಕಂಡೆ, ಆರರಲ್ಲಿ ಮರಿಗಳು ಹಾರಿದವು, ಹಾಗಾಗಿ ಉಳಿವು ಶೇಕಡಾ 60 ಎನ್ನುವುದು ತಪ್ಪು. ನಿಮ್ಮ ಕಣ್ಣಿಗೆ ಬೀಳುವ ಮೊದಲೇ ಹಾಳಾದ ಗೂಡುಗಳು ಆ ಲೆಕ್ಕಕ್ಕೆ ಬರುವುದೇ ಇಲ್ಲ. ಅಮೆರಿಕದ ಪಕ್ಷಿತಜ್ಞ ಹೆರಾಲ್ಡ್ ಮೇಫೀಲ್ಡ್ 1961ರಲ್ಲಿ ಇದಕ್ಕೆ ಪರಿಹಾರ ಸೂಚಿಸಿದರು: ಗೂಡುಗಳನ್ನಲ್ಲ, ದಿನಗಳನ್ನು ಎಣಿಸಿ. ಪ್ರತಿ ಕಾಗೆಮರಿಯೂ ನಿಮ್ಮ ಕಣ್ಗಾವಲಿನಲ್ಲಿ ಬದುಕಿದ್ದ ದಿನಗಳನ್ನು ಕೂಡಿಸಿ. ಒಟ್ಟು 60 ಮರಿದಿನಗಳಲ್ಲಿ ಮೂರು ಸತ್ತರೆ ದಿನದ ನಷ್ಟ 0.05, ಉಳಿವು 0.95. ಗೂಡಿನ ವಾಸ 20 ದಿನವೆಂದು ಇಟ್ಟುಕೊಂಡರೆ 0.95 ಅನ್ನು ಇಪ್ಪತ್ತು ಬಾರಿ ಗುಣಿಸಿದಾಗ ಸುಮಾರು 0.36 ಬರುತ್ತದೆ, ಅಂದರೆ ನೂರಕ್ಕೆ 36 ಮರಿಗಳು. ಎರಡು ಭೇಟಿಗಳ ನಡುವೆ ಮಾಯವಾದ ಮರಿಗೆ ನಡುವಿನ ದಿನವನ್ನೇ ಸಾವಿನ ದಿನವೆಂದು ಹಿಡಿಯಿರಿ.

ಕೋಗಿಲೆಯಿಲ್ಲದ ಗೂಡುಗಳಿಗೂ ಇದೇ ಲೆಕ್ಕ ಹಾಕುವುದು ಕಡ್ಡಾಯ, ಏಕೆಂದರೆ ಕೊನೆಗೆ ಹುಟ್ಟಿದ ಕಾಗೆಮರಿ ಅಲ್ಲಿಯೂ ಹಸಿವಿನಿಂದ ಸಾಯಬಹುದು. ಈ ಎರಡು ಅಂಕಿಗಳ ಅಂತರವೇ ಕೋಗಿಲೆಯ ಪರಿಣಾಮವನ್ನು ತೋರಿಸುತ್ತದೆ. ಗೂಡು ಬರಿದಾದರೆ ಸುತ್ತಲಿನ ಕೊಂಬೆಗಳನ್ನು ಮೊದಲು ಹುಡುಕಿ, ಹಾರಿದ ಮರಿಗಳಿಗೆ ಕಾಗೆಗಳು ಅಲ್ಲಿಯೇ ತುತ್ತು ಕೊಡುತ್ತಿರಬಹುದು.